ಅಂಟು ಹಾಕಿದ ಗಾಲಿಗಳು

ಬಾನಾಮತಿಯ, ಮಾಟಮಂತ್ರದ ಕತೆ ಕೇಳುತ್ತಲೇ ಬೆಳೆದವಳು ನಾನು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ನಮ್ಮದು ಒಕ್ಕಲುತನದ ಮನೆ. ಯಾರದೋ ಸೀರೆಗೆ ತಾನಾಗಿಯೇ ಬೆಂಕಿ ಹತ್ತಿತಂತೆ, ಯಾರದೋ ಅಂಗಳದಲ್ಲಿ ಕಲ್ಲು ಬಿದ್ದವಂತೆ ಎಂದು ಹೆಂಗಸರು ಹೇಳಿಕೊಳ್ಳುವಾಗ, ‘ನೀವು ಕಣ್ಣಾರೆ ಕಂಡೀರೇನು?’ ಎಂದು ಕೇಳಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆ. ಮುಂದೆ ಗಣಿತದ ಟೀಚರಾದ ಮೇಲಂತೂ ನನ್ನ ಬಾಯಿಗೆ ಹಿಡಿತವೇ ಇರಲಿಲ್ಲ. ದೃಷ್ಟಿ ತೆಗೆಯುವವರನ್ನು, ಶಕುನ ನೋಡುವವರನ್ನು ಕಂಡರೆ ಒಂದು ಮಾತು ಕುಟುಕದೆ ಬಿಡುತ್ತಿರಲಿಲ್ಲ. ಈಗಲೂ ನಾನು ಅಂಥದ್ದನ್ನೆಲ್ಲ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ನನ್ನನ್ನು ನಂಬುವವರ ಸಾಲಿಗೆ ಸೇರಿಸಬಾರದು. ಆದರೆ ನಂಬದವರ ಸಾಲಿನಲ್ಲಿ ಮೊದಲಿನಷ್ಟು ಗಟ್ಟಿಯಾಗಿ ನಿಂತಿದ್ದೇನೆಯೇ ಎಂದು ಕೇಳಿದರೆ ಮಾತ್ರ ಉತ್ತರ ಹೇಳುವುದು ಕಷ್ಟ.

ಎಂಬತ್ತರ ದಶಕದ ಮಾತು. ಜೇವರ್ಗಿಯ ಹೈಸ್ಕೂಲಿಗೆ ನನಗೆ ವರ್ಗವಾಗಿತ್ತು. ನನ್ನ ಗಂಡ ಅಲ್ಲಿಯೇ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಸಂಜೆ ಹೊತ್ತು ಬೇರೆ ಹೆಂಗಸರು ಕ್ರೋಶಾ ಹಾಕುತ್ತಿದ್ದರು, ಹಪ್ಪಳ ಒತ್ತುತ್ತಿದ್ದರು. ನಾನು ಲಾರಿ ಮಾಡುತ್ತಿದ್ದೆ. ನಗಬೇಡಿ, ಖರೇನೇ. ಚಿಕ್ಕಂದಿನಲ್ಲಿ ತೊಗರಿ ಸುಗ್ಗಿಗೆ ನಮ್ಮೂರಿಗೆ ಬರುತ್ತಿದ್ದ ಲಾರಿಯ ಹಿಂದೆ ಧೂಳು ಕುಡಿಯುತ್ತ ಓಡಿದವಳು ನಾನು. ಆ ಹುಚ್ಚು ಹೋಗಲಿಲ್ಲ. ನಿಜವಾದ ಲಾರಿಯನ್ನು ಅಳೆದು, ಆ ಅಳತೆಗಳನ್ನೆಲ್ಲ ಇಪ್ಪತ್ತರಿಂದ ಭಾಗಿಸಿ, ಪುಟ್ಟ ಲಾರಿ ಕಟ್ಟುತ್ತಿದ್ದೆ. ಅಂಗಡಿಯಲ್ಲಿ ಇದಕ್ಕೆಂದು ಏನೂ ಸಿಗುತ್ತಿರಲಿಲ್ಲ. ವನಸ್ಪತಿ ಡಬ್ಬಿಯ ತಗಡಿನಿಂದ ಬಾಡಿ, ಸೈಕಲ್ಲಿನ ಕಡ್ಡಿಯಿಂದ ಅಚ್ಚು, ಹಳೇ ಹವಾಯಿ ಚಪ್ಪಲಿ ಕೊರೆದು ಟಯರು, ಲಂಬಾಣಿಗರ ಲಂಗದ ಕನ್ನಡಿ ಚೂರಿನಿಂದ ದೀಪ. ಬೆಸುಗೆ ಹಾಕುವುದನ್ನು ರೇಡಿಯೋ ರಿಪೇರಿಯವನೊಬ್ಬನಿಂದ ಕಲಿತೆ. ‘ಮಂದಿ ಹೆಂಡಂದಿರು ಬಂಗಾರ ಬೇಡ್ತಾರ, ನನ್ನ ಹೆಂಡತಿ ಖಾಲಿ ಡಬ್ಬಿ ಬೇಡ್ತಾಳ’ ಎಂದು ನನ್ನ ಗಂಡ ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ನಮ್ಮ ಪಕ್ಕದ ಮನೆ ಮಲ್ಲಣ್ಣನದು. ಬಹಳ ವರ್ಷ ಪರರ ಲಾರಿ ಓಡಿಸಿ ಕೊನೆಗೆ ತನ್ನದೇ ಒಂದನ್ನು ಕೊಂಡಿದ್ದ. ಮೂಗು ಉದ್ದದ ಹಳೇ ಲಾರಿ, ಆದರೆ ಮೈಯೆಲ್ಲ ಹೊಸ ಬಣ್ಣ. ಹೆಂಡತಿ ಕಾಶಮ್ಮ. ಅವಳಿಗೆ ಆ ಲಾರಿ ಸವತಿಯೂ ಹೌದು, ಮಗಳೂ ಹೌದು. ಗಂಡ ಊರಲ್ಲಿದ್ದಾಗ ಲಾರಿಯನ್ನು ಬೈಯುತ್ತಲೇ ತೊಳೆಯುತ್ತಿದ್ದಳು. ಆ ಲಾರಿಯನ್ನೇ ನಾನು ಮಾಡಬೇಕೆಂದು ಹಟ ಹಿಡಿದವಳೂ ಅವಳೇ. ಭಾನುವಾರ ಲಾರಿ ಮನೆಮುಂದೆ ನಿಂತಿದ್ದರೆ ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಅದರ ಅಡಿಗೆ ನುಸುಳುತ್ತಿದ್ದೆ, ಅವಳು ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಓಣಿಯವರು ನಿಂತು ನೋಡುತ್ತಿದ್ದರು.

‘ಅಕ್ಕೋರ, ಬಂಪರಿನ ಎಡಕ ಒಂದು ಡೊಗರು ಐತಲ್ರಿ, ಅದನ್ನೂ ಮಾಡ್ರಿ. ಇಲ್ಲಂದ್ರ ಅದು ನಮ್ಮ ಗಾಡಿ ಹೆಂಗಾಗ್ತದ?’ ಎನ್ನುತ್ತಿದ್ದಳು. ಆ ತಗ್ಗನ್ನೂ ಮಾಡಿದೆ. ನಂಬರು, ಹಿಂದಿನ ಫಲಕದ ಮೇಲಿನ ಬರಹ, ಕ್ಯಾಬಿನ್ನಿನೊಳಗಿನ ಕೆಂಪು ಪರದೆ, ಎಲ್ಲವನ್ನೂ ಮಾಡಿದೆ. ಒಂದು ವರ್ಷದ ಸಂಜೆಗಳು ಅದರಲ್ಲಿ ಹೋದವು. ಅಷ್ಟು ಚೆಂದದ ಕೆಲಸ ಅದಕ್ಕೂ ಮೊದಲು ನನ್ನ ಕೈಯಿಂದ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ದಸರೆ ರಜೆ ಮುಗಿದ ಮೇಲೆ ಕಲಬುರಗಿಯ ಒಂದು ಶಾಲಾ ಪ್ರದರ್ಶನಕ್ಕೆ ಅದನ್ನು ಕಳಿಸುವುದೆಂದು ನಮ್ಮ ಹೆಡ್ಮಾಸ್ತರರು ಹೇಳಿದ್ದರು. ನನಗೂ ಒಳಗೊಳಗೆ ಹೆಮ್ಮೆಯಿತ್ತು.

ಇಂಥ ಲಾರಿಗಳನ್ನು ಕಪಾಟಿನ ಮೇಲಿಟ್ಟರೆ ಉರುಳುತ್ತವೆ. ಒಂದು ಸಲ ಹಾಗೆಯೇ ಉರುಳಿ ಬಿದ್ದು ಒಂದು ದೀಪ ಒಡೆದಿತ್ತು. ಆದ್ದರಿಂದ ಕೆಲಸ ಮುಗಿದ ಮೇಲೆ ಗಾಲಿಗಳನ್ನು ಅಚ್ಚಿಗೆ ಅಂಟಿಸಿಬಿಡುವುದು ನನ್ನ ರೂಢಿ. ನೋಡುವುದಕ್ಕಿರುವ ಲಾರಿ ಓಡಬೇಕಾದ್ದೇನಿದೆ? ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಅಂಟು ಬರುತ್ತದಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದನ್ನು ತರಿಸಿ ಒಂದು ಶನಿವಾರ ಸಂಜೆ ಎಲ್ಲ ಗಾಲಿಗಳಿಗೂ ಹಚ್ಚಿದೆ. ಆ ಹೊತ್ತಿಗೆ ಮಲ್ಲಣ್ಣ ಬೇಳೆ ಹೇರಿಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. ಇಳಿಸಿ, ಬೇರೆ ಮಾಲು ತುಂಬಿಕೊಂಡು ಭಾನುವಾರವೇ ಬಂದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಹೊತ್ತಿಗೆ ಊರಲ್ಲಿರುತ್ತೇನೆ ಎಂದು ಹೇಳಿ ಹೋಗಿದ್ದ.

ಭಾನುವಾರ ಬರಬೇಕಾದವನು ಬರಲಿಲ್ಲ. ಸೋಮವಾರವೂ ಇಲ್ಲ. ಆಗ ಮನೆಮನೆಗೆ ಫೋನು ಎಲ್ಲಿತ್ತು? ಲಾರಿ ಹೋದ ದಾರಿಯಲ್ಲಿ ಬಂದವರನ್ನು ಕೇಳುವುದೊಂದೇ ಉಪಾಯ. ಕಾಶಮ್ಮ ಹೆದ್ದಾರಿಯ ಚಹಾದಂಗಡಿಗೆ ಹೋಗಿ ಬಂದುಹೋಗುವ ಡ್ರೈವರುಗಳನ್ನೆಲ್ಲ ಕೇಳಿದಳು. ಯಾರೂ ಕಂಡಿರಲಿಲ್ಲ. ಮಂಗಳವಾರ ಖಂಡೇಪೂಜೆ. ಓಣಿಯಲ್ಲಿ ಸೈಕಲ್ಲು, ಬಂಡಿ, ಕುಡುಗೋಲು, ಹೊಲಿಗೆ ಯಂತ್ರ ಎಲ್ಲಕ್ಕೂ ಚೆಂಡುಹೂವು ಬಿದ್ದಿತ್ತು. ಮಲ್ಲಣ್ಣನ ಮನೆ ಮುಂದೆ ಮಾತ್ರ ಲಾರಿ ನಿಲ್ಲುವ ಜಾಗ ಬಟ್ಟಬಯಲಾಗಿ ಕಾಣುತ್ತಿತ್ತು.

ಮಧ್ಯಾಹ್ನ ಊಟ ಮಾಡಿ ಕೂತಿದ್ದೆವು. ಕಾಶಮ್ಮ ಆರತಿ ತಟ್ಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕಣ್ಣು ಅತ್ತು ಊದಿಕೊಂಡಿದ್ದವು.

‘ಅಕ್ಕೋರ, ಗಾಡಿ ತಗೊಂಡಾಗಿಂದ ಒಂದು ವರ್ಷನೂ ಪೂಜಿ ತಪ್ಪಿಲ್ರಿ. ಇವತ್ತು ತಪ್ಪಿದ್ರ ನನ್ನ ಜೀವ ನಿಲ್ಲಂಗಿಲ್ಲ. ನಿಮ್ಮ ಗಾಡಿ ಕೊಡ್ರಿ, ಅದಕ್ಕ ಪೂಜಿ ಮಾಡ್ತೇನಿ.’

‘ಅದು ತಗಡಿನ ಆಟಿಗಿ, ಕಾಶಮ್ಮ’ ಎಂದೆ.

‘ಸಣ್ಣದಾದ್ರೇನಾತ್ರಿ? ನಂಬರ್ ಅದೇ ಐತಿ, ಡೊಗರೂ ಅದೇ ಐತಿ. ಮನ್ಯಾಗಿನ ದೇವ್ರು ಗುಡಿ ದೇವರಷ್ಟು ದೊಡ್ಡಾವು ಇರ್ತಾವೇನ್ರಿ?’

ಅವಳ ಮುಖ ನೋಡಿ ಸಂಕಟವಾಯಿತು. ಲಾರಿಯನ್ನು ಇಳಿಸಿ ಮಣೆಯ ಮೇಲಿಟ್ಟೆ. ಅವಳು ವಿಭೂತಿ, ಕುಂಕುಮ ಹಚ್ಚಿದಳು. ಬಣ್ಣ ಹಾಳಾಗುತ್ತದಲ್ಲ ಎಂದು ನಾನು ಒಂದು ಒದ್ದೆ ಬಟ್ಟೆ ತಂದಿಟ್ಟುಕೊಂಡೆ. ಹೂ ಏರಿಸಿ, ಊದುಬತ್ತಿ ಬೆಳಗಿ, ಕೊನೆಗೆ ಒಂದು ಸಣ್ಣ ನಿಂಬೆಹಣ್ಣನ್ನು ಹೆಚ್ಚಿ ಅದರ ಹೋಳನ್ನು ಮುಂದಿನ ಬಲಗಾಲಿಯ ಕೆಳಗೆ ಇಟ್ಟಳು. ಗಾಡಿ ಪೂಜೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದು ನಿಮಗೂ ಗೊತ್ತಿದೆ. ಗಾಡಿ ಮುಂದಕ್ಕೆ ಹೋಗಬೇಕು, ನಿಂಬೆಹಣ್ಣು ಗಾಲಿಯಡಿಗೆ ಪಿಚ್ಚೆನ್ನಬೇಕು. ಕಾಶಮ್ಮ ಹಿಂದಿನಿಂದ ಮೆಲ್ಲಗೆ ನೂಕಿದಳು. ಲಾರಿ ಅಲ್ಲಾಡಲಿಲ್ಲ.

‘ಗಾಲಿ ಅಂಟಿಸೇನಿ, ತಿರುಗಂಗಿಲ್ಲ’ ಎಂದೆ.

‘ಯಾಕ್ರಿ ಅಂಟಿಸಿದ್ರಿ?’ ಎಂದಳು. ‘ಗಾಡಿ ಮುಂದಕ್ಕ ಹೋಗಲಿಲ್ಲಂದ್ರ ಅವ ಹೆಂಗ ಬರ್ತಾನ್ರಿ ಅಕ್ಕೋರ? ಬಿಡಸ್ರಿ. ಕೈ ಮುಗಿತೇನಿ, ಬಿಡಸ್ರಿ.’

ನಾನು ಒಲ್ಲೆನೆಂದೆ. ಒಣಗಿ ಕಲ್ಲಾದ ಅಂಟನ್ನು ಕಿತ್ತರೆ ಅಚ್ಚು ಬಾಗುತ್ತದೆ, ಟಯರು ಹರಿಯುತ್ತದೆ, ಪ್ರದರ್ಶನಕ್ಕೆ ಏನು ಕಳಿಸಲಿ? ಒಳಗೆ ಅಡ್ಡಾಗಿದ್ದ ನನ್ನ ಗಂಡ ಎದ್ದು ಬಂದು ಬಾಗಿಲಲ್ಲಿ ನಿಂತರು. ‘ಏ, ಬಿಡಸೇ ಮಾರಾಯ್ತಿ. ತಗಡಿಗಿಂತ ಆಕಿ ಜೀವ ದೊಡ್ಡದು’ ಎಂದರು. ಸದಾ ಚೇಷ್ಟೆ ಮಾಡುವ ಮನುಷ್ಯ ಅಷ್ಟು ಗಂಭೀರವಾಗಿ ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಬ್ಲೇಡು ತಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಕೆಲಸ. ಒಂದೊಂದೇ ಗಾಲಿಯ ನಡುವೆ ಬ್ಲೇಡಿನ ತುದಿ ತೂರಿಸಿ, ಅಂಟನ್ನು ಚೂರುಚೂರಾಗಿ ಕೆರೆದು ತೆಗೆದೆ. ಮುಂದಿನ ಎರಡೂ ಬಿಟ್ಟವು. ಹಿಂದೆ ಬಲಗಡೆಯದೂ ಬಿಟ್ಟಿತು. ಎಡಗಡೆಯದಕ್ಕೆ ಕೈ ಹಾಕಿದಾಗ ಅಚ್ಚು ಕಟ್ ಎಂದಿತು. ಅಲ್ಲಿಗೇ ನಿಲ್ಲಿಸಿದೆ.

‘ಇದೊಂದು ಇರ್ಲಿ. ಇನ್ನ ಜಗ್ಗಿದ್ರ ಮುರೀತದ’ ಎಂದೆ. ಕಾಶಮ್ಮ ಅದನ್ನೂ ಬಿಡಿಸಿರೆಂದು ಬೇಡಿಕೊಂಡಳು. ಈ ಸಲ ನಾನು ಜಪ್ಪಯ್ಯ ಎನ್ನಲಿಲ್ಲ.

ಅವಳು ಕಣ್ಣುಮುಚ್ಚಿ ಏನೋ ಹೇಳಿಕೊಂಡು, ಬಾನೆಟ್ಟಿನ ಮೇಲೆ ಒಂದು ಕೈಯೂರಿ ಇನ್ನೊಂದು ಕೈಯಿಂದ ನೂಕಿದಳು. ಮುಂದಿನ ಗಾಲಿ ನಿಂಬೆ ಹೋಳಿನ ಮೇಲೆ ಹತ್ತಿ ಇಳಿಯಿತು. ರಸ ಚಿಮ್ಮಿತು. ಹಿಂದಿನ ಎಡಗಾಲಿ ಮಣೆಯ ಮೇಲೆ ಕರ್ರೆಂದು ಎಳೆದುಕೊಂಡು ಬಂತು. ನಾಲ್ಕು ಬೆರಳಿನಷ್ಟು ಮುಂದಕ್ಕೆ ಹೋಗಿ ಲಾರಿ ನಿಂತಿತು. ಇನ್ನೂ ನೂಕಲು ಹೋದವಳನ್ನು, ಅಚ್ಚು ಮುರಿದೀತೆಂದು ನಾನೇ ಕೈಹಿಡಿದು ತಡೆದೆ. ಅವಳು ನೆಲಕ್ಕೆ ಹಣೆ ಹಚ್ಚಿದಳು. ಪೂಜೆಯಾದ ಸಾಮಾನನ್ನು ಅವತ್ತು ಕದಲಿಸಬಾರದೆಂದು ಲಾರಿಯನ್ನು ಮಣೆಯ ಮೇಲೆಯೇ ಬಿಟ್ಟೆವು. ಹೂವಿನ ತೂಕಕ್ಕೆ ಕನ್ನಡಿ ವಾಲಿದೆಯೇನೋ ಎಂದು ನಾನು ಮತ್ತೆಮತ್ತೆ ಹೋಗಿ ನೋಡುತ್ತಿದ್ದೆ. ಅವತ್ತು ನನ್ನ ಚಿಂತೆ ಅಷ್ಟೇ.

ಮರುದಿನ ಸಂಜೆ, ಎಲ್ಲರೂ ಬನ್ನಿ ಕೊಟ್ಟು ಬನ್ನಿ ತೆಗೆದುಕೊಳ್ಳುವ ಹೊತ್ತಿಗೆ, ಲಾರಿಯ ಹಾರ್ನು ಕೇಳಿಸಿತು. ಕಾಶಮ್ಮ ಚಪ್ಪಲಿ ಹಾಕಿಕೊಳ್ಳದೆ ಓಡಿದಳು. ಮಲ್ಲಣ್ಣ ಬಂದಿದ್ದ. ಗಡ್ಡ ಬೆಳೆದಿತ್ತು, ಮೊಣಕೈ ತರಚಿ ಹೆಪ್ಪುಗಟ್ಟಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ನನ್ನ ಕಣ್ಣಲ್ಲೂ ನೀರು ಬಂದವು. ಸ್ನಾನ ಮಾಡಿ ನಮ್ಮ ಮನೆಗೆ ಬನ್ನಿ ಕೊಡಲು ಬಂದವನು ಚಹಾ ಕುಡಿಯುತ್ತ ತನ್ನ ಕತೆ ಹೇಳಿದ. ನಾವಾಗಲಿ ಕಾಶಮ್ಮನಾಗಲಿ ಅವನಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ನಾನು ಮೊದಲು ಅನುಮಾನಪಟ್ಟಿದ್ದು ಅವನಿಗೆ ಯಾರಾದರೂ ಮೊದಲೇ ಹೇಳಿದ್ದರೇನೋ ಎಂದೇ. ಕಾಶಮ್ಮ ಗಂಡನನ್ನು ಕಂಡಾಗಿನಿಂದ ಅಳುವುದು ಬಿಟ್ಟು ಬೇರೆ ಏನೂ ಮಾಡಿರಲಿಲ್ಲ.

ಉಸ್ಮಾನಾಬಾದಿನ ಆಚೆ ಒಂದು ಘಾಟಿನಲ್ಲಿ ಇಳಿಯುತ್ತಿದ್ದಾಗ ಲಾರಿಯ ಗಾಲಿಗಳೆಲ್ಲ ಒಮ್ಮೆಲೇ ಹಿಡಿದುಕೊಂಡವಂತೆ. ಶನಿವಾರ, ಹೊತ್ತು ಮುಳುಗುವಾಗ.

‘ಮಿಸ್ತ್ರಿನ್ನ ಕರಕೊಂಡು ಬಂದೆ. ಎರಡು ದಿನ ಬಿಚ್ಚಿ ಬಿಚ್ಚಿ ನೋಡಿದ. ಬ್ರೇಕು ಬರೋಬ್ಬರಿ ಐತಿ ಅಂತಾನ, ಬೇರಿಂಗು ಬರೋಬ್ಬರಿ ಐತಿ ಅಂತಾನ, ಗಾಲಿ ಮಾತ್ರ ತಿರಗವಲ್ದು! ಕಡೀಕ ಅವನೂ ಕೈ ಝಾಡಿಸಿ ಹೋದ. ನಿನ್ನೆ ಖಂಡೇಪೂಜಿ. ಗಾಡಿ ಹಂಗೇ ಹೆಂಗ ಬಿಡ್ಲಿ? ಮಧ್ಯಾಹ್ನ ಹಾದ್ಯಾಗ ಒಬ್ಬಾಕಿ ಕಡೆ ಒಂದು ನಿಂಬೆಹಣ್ಣು ತಗೊಂಡೆ. ಗಾಲಿ ಜಾಮ್ ಆಗ್ಯಾವಂದ್ರ ಕಲ್ಲು ಯಾಕ, ಹ್ಯಾಂಡಬ್ರೇಕ್ ಯಾಕ ಅಂತ ಏನೂ ಹಾಕಿರಲಿಲ್ರಿ. ಮುಂದ ಕುಂತು, ಬಲಗಾಲಿ ಬುಡಕ ನಿಂಬೆಹಣ್ಣು ಇಟ್ಟು, ಇನ್ನ ಕೈ ಮುಗೀಬೇಕು…’

ಅವನು ಕಪ್ಪನ್ನು ಕೆಳಗಿಟ್ಟ.

‘ಗಾಡಿ ನನ್ನ ಮೈಮ್ಯಾಲೇ ಬಂತ್ರಿ. ಒಳಗ ನರಪಿಳ್ಳಿ ಇಲ್ಲ. ಹೆಂಗ ಬಾಜೂಕ ಬಿದ್ದೆನೋ ಗೊತ್ತಿಲ್ಲ. ನಿಂಬೆಹಣ್ಣಿನ ಮ್ಯಾಲೆ ಹತ್ತಿ, ನನ್ನ ಚಪ್ಪಲಿ ಮ್ಯಾಲೆ ಹತ್ತಿ, ಒಂದು ಮಾರು ಮುಂದ ಹೋಗಿ ನಿಂತುಬಿಡ್ತು. ಅದರಾಚೆ ಖಾಲಿ ಕಂದಕ. ನಿಲ್ಲಲಿಲ್ಲಂದ್ರ ಗಾಡಿ ಪಾತಾಳಕ್ಕ ಹೋಗ್ತಿತ್ತು. ಯಾಕ ನಿಂತಿತು ಅಂತ ನೋಡ್ತೇನಿ, ಮೂರು ಕಡೆ ಗಾಲಿ ಬಿಟ್ಟಾವ, ಹಿಂದಿನ ಎಡಗಾಲಿ ಒಂದು ಮಾತ್ರ ಹಿಡಕೊಂಡೇ ಐತಿ. ಅದೊಂದು ಇಲ್ಲಂದ್ರ ಮುಗೀತಿತ್ರಿ. ಅದನ್ನ ಎಳಕೋತನೇ ಇಲ್ಲೀತನಕ ಬಂದೇನಿ.’

ನಾನು ಕಾಶಮ್ಮನ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ನನ್ನ ಗಂಡ ನೋಡಿದರಂತೆ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳಂತೆ. ನಾನು ಗಣಿತದವಳು, ತಲೆ ತನ್ನಷ್ಟಕ್ಕೆ ಲೆಕ್ಕ ಮಾಡಿತು. ನಾಲ್ಕು ಬೆರಳನ್ನು ಇಪ್ಪತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದು ಮಾರು. ಬೇಡವೆಂದರೂ ಲೆಕ್ಕ ಸರಿಬಂದೇ ಬಂತು.

ಕೊನೆಗೆ ಕಾಶಮ್ಮನೇ ಎಲ್ಲವನ್ನೂ ಹೇಳಿದಳು. ಪೂಜೆ ಮಾಡಿದ್ದು, ಗಾಲಿ ಬಿಡಿಸಿದ್ದು, ನೂಕಿದ್ದು. ‘ನಾನು ಕಣ್ಣು ಮುಚ್ಚಿ ನೂಕಿದೆ. ನೀನು ಮುಂದ ಕುಂತಿದ್ದೆಲ್ಲೋ ಮಾರಾಯಾ!’ ಎಂದು ಗಂಡನ ತೋಳು ಹಿಡಿದುಕೊಂಡು ಮತ್ತೆ ಅತ್ತಳು. ಮಲ್ಲಣ್ಣ ಮಣೆಯ ಮೇಲಿದ್ದ ಪುಟ್ಟ ಲಾರಿಯ ಹಿಂದಿನ ಎಡಗಾಲಿಯನ್ನು ಬಗ್ಗಿ ನೋಡಿದ. ಮುಟ್ಟಲಿಲ್ಲ.

‘ಅಂಟು ಯಾವಾಗ ಹಚ್ಚಿದ್ರಿ ಅಕ್ಕೋರ?’ ಎಂದು ಕೇಳಿದ.

‘ಶನಿವಾರ ಸಂಜಿಗೆ’ ಎಂದೆ.

ಅವನು ‘ಹ್ಞಾಂ’ ಎಂದ, ಅಷ್ಟೇ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಜಗಳಾಡಿ, ಇದೆಲ್ಲ ಮೂಢನಂಬಿಕೆ ಎಂದು ಕೂಗಾಡಿ ಹಗುರಾಗುತ್ತಿದ್ದೆ.

ಅವರು ಹೋದ ಮೇಲೆ ನನ್ನ ಗಂಡ ಸಮಾಧಾನ ಹೇಳಿದರು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದರು. ಘಾಟಿನಲ್ಲಿ ಬ್ರೇಕು ಕಾದು ಕಚ್ಚಿಕೊಳ್ಳುತ್ತದೆ, ಆರಿದ ಮೇಲೆ ಬಿಡುತ್ತದೆ, ಎಲ್ಲ ಗಾಲಿಯೂ ಒಂದೇ ಹೊತ್ತಿಗೆ ಬಿಡಬೇಕೆಂದೇನೂ ಇಲ್ಲ ಎಂದರು. ಖಂಡೇಪೂಜೆಯ ಮಧ್ಯಾಹ್ನ ಈ ಸೀಮೆಯಲ್ಲೆಲ್ಲ ಎಷ್ಟು ಗಾಲಿಗಳ ಕೆಳಗೆ ನಿಂಬೆಹಣ್ಣು ಬಿದ್ದಿರುತ್ತದೆ ಎಂದೂ ಕೇಳಿದರು. ಸರಿಯಾದ ಮಾತುಗಳೇ. ಇಷ್ಟು ದಿನ ಆರಿರದ ಬ್ರೇಕು ಅದೇ ಮಧ್ಯಾಹ್ನ ಯಾಕೆ ಆರಿತು ಎಂದು ನಾನು ಕೇಳಲಿಲ್ಲ. ಬೇರೆಯವರ ಮನೆಯಲ್ಲಿ ಇದು ನಡೆದಿದ್ದರೆ ಅವರ ಮಾತನ್ನೇ ನಾನೂ ಹೇಳುತ್ತಿದ್ದೆ.

ಎರಡು ದಿನ ಜೇವರ್ಗಿಯ ಮಿಸ್ತ್ರಿಗಳು ಆ ಎಡಗಾಲಿಯ ಜತೆ ಗುದ್ದಾಡಿದರು. ಡ್ರಮ್ಮು ಬಡಿದರು, ಎಣ್ಣೆ ಹಾಕಿದರು. ಜಗ್ಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಲ್ಲಣ್ಣ ನಮ್ಮ ಬಾಗಿಲಿಗೆ ಬಂದ. ಹಿಂದೆ ಕಾಶಮ್ಮ. ಅವನು ನಗುವ ಪ್ರಯತ್ನ ಮಾಡಿದ.

‘ಅಕ್ಕೋರ, ಹುಚ್ಚ ಅನ್ಕೊಂಡ್ರೂ ಚಿಂತಿಲ್ಲ. ಆ ಗಾಲಿನೂ ಒಂದು ಬಿಡಿಸಿಬಿಡ್ರಿ.’

‘ಮುರೀತದಲ್ಲ!’ ಎಂದು ಈ ಸಲ ನನ್ನ ಗಂಡ ಹೇಳಿದರು. ನಾನು ಹೇಳಲಿಲ್ಲ. ಪ್ರದರ್ಶನದ ಆಸೆ ಅಷ್ಟರಲ್ಲಿ ನನ್ನಿಂದ ಹೋಗಿಬಿಟ್ಟಿತ್ತು. ಲಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಬ್ಲೇಡು ಕೈಗೆ ತೆಗೆದುಕೊಂಡೆ. ‘ನೋಡ್ರೀ ಮಲ್ಲಣ್ಣ, ನಿಮ್ಮ ಸಮಾಧಾನಕ್ಕ ಮಾಡಾಕತ್ತೇನಿ. ನಾನೇನು ಇದನ್ನ ನಂಬಂಗಿಲ್ಲ’ ಎಂದೆ. ‘ಹೌದ್ರಿ, ನಾನೂ ನಂಬಂಗಿಲ್ರಿ’ ಎಂದ ಅವನು.

ನಮ್ಮ ಓಣಿ ಹೆದ್ದಾರಿಯ ಕಡೆಗೆ ಸ್ವಲ್ಪ ಇಳಿಜಾರು. ಹೊರಗೆ ಬೇವಿನ ಮರದಡಿ ಲಾರಿ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಮಿಸ್ತ್ರಿ ಆಗಲೂ ಗಾಲಿಯನ್ನು ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಅದರ ನಡುವೆಯೇ ಮಕ್ಕಳ ಗದ್ದಲವೂ ಕೇಳಿಸಿತು. ಬ್ಲೇಡಿನ ತುದಿಯನ್ನು ಅಂಟಿಗೆ ಹಚ್ಚಿದ್ದೆ. ಹಚ್ಚಿದ ಕೈ ಅಲ್ಲಿಯೇ ನಿಂತಿತು.

ಗಾಲಿ ಬಿಟ್ಟಿತೇ ಎಂದು ನೀವು ಕೇಳುತ್ತೀರಿ. ಬಿಟ್ಟಿತು, ನನ್ನ ಕೈಯಲ್ಲಿದ್ದದ್ದೂ ಬಿಟ್ಟಿತು, ಹೊರಗಿನದೂ ಬಿಟ್ಟಿತು. ಯಾವುದು ಮೊದಲು ಎಂದು ನಾವು ಯಾರೂ ಹೇಳಲಾರೆವು. ಮಿಸ್ತ್ರಿ ತನ್ನ ಸುತ್ತಿಗೆಯ ಏಟಿಗೆ ಬಿಟ್ಟಿತೆಂದ. ಇರಬಹುದು. ಅದಕ್ಕೆ ಯಾರು ಏನು ಕಾರಣ ಕೊಟ್ಟರೂ ನಾನು ಒಪ್ಪುತ್ತೇನೆ. ಇಷ್ಟು ವರ್ಷವಾದರೂ ನನಗೆ ಬಿಡಿಸಲಾಗದೆ ಉಳಿದಿರುವುದು ಬೇರೆ. ಏನನ್ನೂ ನಂಬದ ನಾನು, ಗಣಿತದ ಟೀಚರು, ಅಂಟು ಕೆರೆಯುವ ಮೊದಲು ಬ್ಲೇಡು ಎತ್ತಿ ಹಿಡಿದು ಕಾಶಮ್ಮನಿಗೆ ಹೇಳಿದೆ: ‘ತಡೀರಿ. ಮೊದಲು ಹೋಗಿ ಗಾಲಿ ಮುಂದ ಕಲ್ಲು ಇಡ್ರಿ. ಗಾಡಿ ಮುಂದ ಯಾರರ ಹುಡುಗರು ಅದಾವೇನು ನೋಡ್ರಿ.’

ಕಾಶಮ್ಮ ಓಡಿದಳು. ಮಲ್ಲಣ್ಣನೂ ಓಡಿದ. ಸದಾ ಚೇಷ್ಟೆ ಮಾಡುವ ನನ್ನ ಗಂಡ, ಕಾಗೆ ಟೊಂಗೆ ಎಂದ ನನ್ನ ಗಂಡ, ಅವರಿಬ್ಬರಿಗಿಂತ ಮೊದಲೇ ಬಾಗಿಲು ದಾಟಿದ್ದರು.